ಎಸೆದದ್ದಲ್ಲ, ಬೀಸಿದ್ದು

ಲೆವೆಟ್ ಫೆರಿ, ಅಲಬಾಮಾ
ಜನವರಿ 27, 2014

ಪ್ರಿಯ ಡೆಲ್ಫೀನ್ ಮಗಳೇ,

ನಾನು ಯಾರೆಂದು ನಿನಗೆ ತಿಳಿದಿರಲಿಕ್ಕಿಲ್ಲ. ಹಾಲೋವೆಲ್ ಕಾಲೇಜಿನ ಫುಟ್‌ಬಾಲ್ ತಂಡದ ಕೋಚ್, ಆರ್ಲೆನ್ ಗೇಟ್‌ವುಡ್. ಈ ಕಾಲದಲ್ಲೂ ಕೈಯಲ್ಲಿ ಕಾಗದ ಬರೆಯುವ ಮುದುಕ ಯಾರಪ್ಪಾ ಎಂದು ನಗಬೇಡ. ತಂಡಕ್ಕೆ ಬೇಕೆನಿಸಿದ ಹುಡುಗರಿಗೆಲ್ಲ ನಾನು ಬರೆಯುವುದು ಹೀಗೆಯೇ. ಹುಡುಗರು ಓದುವುದಿಲ್ಲ. ಅವರ ಅಮ್ಮಂದಿರು ಓದಿ ಬೈಬಲ್ಲಿನೊಳಗೆ ಇಟ್ಟುಕೊಳ್ಳುತ್ತಾರೆ, ಆಮೇಲೆ ಹುಡುಗ ತಾನಾಗಿ ಬರುತ್ತಾನೆ.

ಡೆಮೆಟ್ರಿಕ್ ಮೇಬ್ರಿ ಹೊರಗೆ ಬಂದಿದ್ದಾನೆ. ಆ ಹೆಸರು ಕಂಡ ಕೂಡಲೇ ಕಾಗದ ಹರಿಯದಿದ್ದರೆ ಮುಂದೆ ಓದು. ಬಾಲಾಪರಾಧಿಗಳ ಜೈಲಿನಲ್ಲಿ ಹದಿನಾಲ್ಕು ತಿಂಗಳು ಕಳೆದ, ಅಲ್ಲಿಯೇ ಓದಿ ಶಾಲೆ ಮುಗಿಸಿದ. ಕಳೆದ ವಾರ ಅವನ ಅಜ್ಜಿಯ ಮನೆಗೆ ಹೋಗಿದ್ದೆ. ಆಕೆ ಕರಿದ ಮೀನು, ಬೇಯಿಸಿದ ಸೊಪ್ಪು ಬಡಿಸಿ, ನನ್ನ ಎರಡೂ ಕೈ ಹಿಡಿದುಕೊಂಡು, "ಇವನ್ನ ನಿಮ್ಮ ಮಡಿಲಿಗೆ ಹಾಕಿದೀನಿ ಕೋಚ್. ಹೊಡೀರಿ, ಬಡೀರಿ, ಮನುಷ್ಯನ್ನ ಮಾಡಿ" ಎಂದರು. ನನಗೆ ಬೇಡ ಎನ್ನಲು ಬಾಯಿ ಬರಲಿಲ್ಲ. ಎದುರಾಳಿಗಳನ್ನು ಕೆಡಹುವುದರಲ್ಲಿ ಅಂಥ ಹುಡುಗನನ್ನು ನಾನು ಈ ಇಪ್ಪತ್ತು ವರ್ಷಗಳಲ್ಲಿ ನೋಡಿಲ್ಲ.

ಅವತ್ತು ನಿನ್ನ ಶಾಲೆಯೆದುರು ಆಟ ಸೋತ ಸಿಟ್ಟಿನಲ್ಲಿ ಅವನು ತಲೆಯಿಂದ ಕಿತ್ತು ಎಸೆದ ಹೆಲ್ಮೆಟ್ ನಿನ್ನ ಮುಖಕ್ಕೆ ತಾಗಿದ್ದು ಎಲ್ಲರ ದುರದೃಷ್ಟ. ಈಗ ನಿನ್ನಿಂದ ಎರಡು ಸಾಲು ಬೇಕು, ಅವನು ಇಲ್ಲಿ ಓದಿ ಆಡುವುದಕ್ಕೆ ನಿನ್ನ ಅಡ್ಡಿಯಿಲ್ಲ ಎಂದು. ಅವನ ಮನಸ್ಸಿಗೂ ನೆಮ್ಮದಿ, ನಿನ್ನದಕ್ಕೂ ನೆಮ್ಮದಿ.

ನಿನ್ನ ಹಿತೈಷಿ,
ಕೋಚ್ ಗೇಟ್‌ವುಡ್


ಟಲ್ಲಾ ಕ್ರೀಕ್
ಫೆಬ್ರವರಿ 3, 2014

ಕೋಚ್ ಗೇಟ್‌ವುಡ್ ಅವರಿಗೆ,

ನಾನು ನಿಮ್ಮ ಮಗಳಲ್ಲ. ನಮ್ಮಮ್ಮನಿಗೆ ಇರುವುದು ನಾನೊಬ್ಬಳೇ, ಆಕೆಗೆ ಅಷ್ಟೇ ಸಾಕಾಗಿ ಹೋಗಿದೆ.

ಡೆಮೆಟ್ರಿಕ್ ಹೆಲ್ಮೆಟ್ ಎಸೆಯಲಿಲ್ಲ. ಎಸೆದದ್ದು ಯಾರಿಗೆ ಬೇಕಾದರೂ ತಾಗೀತು, ತಾಗದೆಯೂ ಹೋದೀತು. ಅವನು ಹೆಲ್ಮೆಟ್ಟಿನ ಮುಂದಿನ ಕಂಬಿಯನ್ನು ಮುಷ್ಟಿಯಲ್ಲಿ ಹಿಡಿದು, ನಮ್ಮ ಶಾಲೆಯ ಬ್ಯಾಂಡಿನ ಸಾಲಿನೊಳಗೆ ನುಗ್ಗಿ, ನನ್ನ ಮುಖ ನೋಡಿ ಬೀಸಿದ. ನನ್ನ ತುಟಿಯ ಮೇಲೆ ಟ್ರಂಪೆಟ್ ಇತ್ತು. ಮುಂದಿನ ನಾಲ್ಕು ಹಲ್ಲು ಹೋದವು, ಮೇಲ್ತುಟಿ ಇಬ್ಭಾಗವಾಯಿತು. ಈಗ ಹಲ್ಲು ಕಟ್ಟಿಸಿಕೊಂಡಿದ್ದೇನೆ, ತುಟಿ ಹೊಲಿಸಿಕೊಂಡಿದ್ದೇನೆ. ನಗಬಲ್ಲೆ, ತಿನ್ನಬಲ್ಲೆ. ಊದಲಾರೆ.

ನಿಮಗೆ ತಿಳಿಯದ ಇನ್ನೊಂದು ಸಂಗತಿ ಇದೆ. ನಾನು ಆಸ್ಪತ್ರೆಯಿಂದ ಮನೆಗೆ ಬಂದ ತಿಂಗಳೇ ಒಂದು ಕಾಲೇಜಿನ ಬ್ಯಾಂಡಿನಿಂದ ಕರೆ ಬಂತು. ಟ್ರಂಪೆಟ್ ಸಾಲಿನಲ್ಲಿ ಜಾಗ, ಓದಿನ ಖರ್ಚೆಲ್ಲ ಅವರದು. ಯಾವ ಕಾಲೇಜು ಗೊತ್ತೇ? ನಿಮ್ಮದೇ. ಕಡಲೆ ಬಂದಾಗ ಹಲ್ಲಿಲ್ಲ ಎನ್ನುವುದು ಎಲ್ಲರಿಗೂ ಗಾದೆ, ನನಗೆ ಮಾತ್ರ ನಡೆದ ಕಥೆ. ನಿಮ್ಮ ಬ್ಯಾಂಡಿನ ಮಿಸ್ಟರ್ ಟಾಲಿವರ್ ಬಹಳ ಮರ್ಯಾದೆಯಿಂದ ಆ ಜಾಗವನ್ನು ಬೇರೆಯವರಿಗೆ ಕೊಟ್ಟರು.

ಈಗ ಹಲ್ಲು ಉದುರಿಸಿದವನಿಗೆ ಅದೇ ಕಾಲೇಜಿನಲ್ಲಿ ಜಾಗ, ನನಗೆ ಎರಡು ಸಾಲು ಬರೆಯುವ ಕೆಲಸ. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದಕ್ಕೆ ಸುಣ್ಣ. ಅವನಿಗೆ ಎರಡನೆಯ ಅವಕಾಶ ಎನ್ನುತ್ತೀರಿ. ನನ್ನ ಮೊದಲನೆಯದು ಎಲ್ಲಿ ಹೋಯಿತು ಎಂದು ಮೀನು ತಿನ್ನುವಾಗ ಯಾರಾದರೂ ಕೇಳಿದರೇ?

ಫೋನ್ ನಂಬರ್ ಹುಡುಕಬೇಡಿ. ಏನು ಹೇಳುವುದಿದ್ದರೂ ಬರೆಯಿರಿ. ಬರೆದದ್ದನ್ನು ಆಮೇಲೆ ಹಾಗಲ್ಲ ಹೀಗೆ ಎನ್ನಲಾಗುವುದಿಲ್ಲ.

ಡೆಲ್ಫೀನ್ ಪೆಟ್ವೇ


ಲೆವೆಟ್ ಫೆರಿ
ಫೆಬ್ರವರಿ 12, 2014

ಪ್ರಿಯ ಮಿಸ್ ಪೆಟ್ವೇ,

ಮಗಳೇ ಎಂದದ್ದಕ್ಕೆ ಕ್ಷಮಿಸಿ. ಬ್ಯಾಂಡಿನ ವಿಷಯ ನನಗೆ ಖಂಡಿತ ಗೊತ್ತಿರಲಿಲ್ಲ. ಟಾಲಿವರ್ ಮತ್ತು ನಾನು ಒಂದೇ ಮೈದಾನಕ್ಕಾಗಿ ಜಗಳವಾಡುವವರು, ಹೆಚ್ಚು ಮಾತಿಲ್ಲ.

ಕಳೆದ ಬುಧವಾರ ಹುಡುಗರು ಕಾಲೇಜು ತಂಡಗಳಿಗೆ ಸೇರುವ ದಿನ. ಎಲ್ಲರೂ ಮೇಜಿನ ಮೇಲಿದ್ದ ಟೋಪಿಗಳಲ್ಲಿ ತಮ್ಮ ಕಾಲೇಜಿನದನ್ನು ಎತ್ತಿ ತಲೆಗಿಟ್ಟುಕೊಂಡು ಸಹಿ ಹಾಕಿದರು. ಡೆಮೆಟ್ರಿಕ್ ಹಾಕಲಿಲ್ಲ. ಅವನ ಜಾಗವನ್ನು ಇನ್ನೂ ಖಾಲಿ ಇಟ್ಟಿದ್ದೇನೆ.

ಅವನು ತಪ್ಪೇ ಮಾಡಲಿಲ್ಲ ಎನ್ನುತ್ತಿಲ್ಲ. ಹದಿನೇಳರ ವಯಸ್ಸಿನಲ್ಲಿ ಮಾಡಿದ ಒಂದು ತಪ್ಪಿಗೆ ಮನುಷ್ಯನನ್ನು ಆ ಹದಿನೇಳರಲ್ಲೇ ಮೊಳೆ ಹೊಡೆದು ನಿಲ್ಲಿಸಬೇಕೇ? ಈ ಹುಡುಗರನ್ನು ನಾವು ಕರೆದುಕೊಳ್ಳದಿದ್ದರೆ ಬೀದಿ ಕರೆದುಕೊಳ್ಳುತ್ತದೆ. ಇನ್ನೊಂದು ಮಾತು, ಬೇಸರಿಸಬೇಡಿ. ಸೋತ ಹುಡುಗರು ತಲೆ ತಗ್ಗಿಸಿ ಬಸ್ಸು ಹತ್ತುವಾಗ ಅವರ ಮುಖಕ್ಕೆ ಹೆಣ ಸಾಗಿಸುವ ಹಾಡು ಊದಿದ್ದು ನಿಮ್ಮ ಬ್ಯಾಂಡೇ ಅಲ್ಲವೇ? ಬೆಂಕಿಗೆ ತುಪ್ಪ ಸುರಿದಂತಾಗಲಿಲ್ಲವೇ?

ನಿಮ್ಮ ಉತ್ತರಕ್ಕಾಗಿ ಕಾದಿರುವ,
ಆರ್ಲೆನ್ ಗೇಟ್‌ವುಡ್


ಟಲ್ಲಾ ಕ್ರೀಕ್
ಫೆಬ್ರವರಿ 17, 2014

ಕೋಚ್ ಅವರಿಗೆ,

ಊದಿದೆವು. ಚೆನ್ನಾಗಿಯೇ ಊದಿದೆವು. ಮುಂದೆ ನಿಂತು ಊದಿಸಿದವಳು ನಾನೇ, ಇವತ್ತು ತುಟಿ ನೆಟ್ಟಗಿದ್ದರೆ ಇವತ್ತೂ ಊದುತ್ತೇನೆ. ಗೆದ್ದವರ ಬ್ಯಾಂಡು ಸೋತವರನ್ನು ಹಾಡಿನಲ್ಲಿ ಹೂಳುವುದು ಈ ಸೀಮೆಯಲ್ಲಿ ನಿಮ್ಮಜ್ಜನ ಕಾಲದಿಂದ ಇದೆ. ಅದರ ಹಿಂದಿನ ವರ್ಷ ಡೆಮೆಟ್ರಿಕ್‌ನ ಶಾಲೆಯವರು ಗೆದ್ದಾಗ ನಮ್ಮನ್ನು ಹೂತರು. ನಮ್ಮ ಹುಡುಗರು ಅಳುತ್ತ ಬಸ್ಸು ಹತ್ತಿದರು. ಯಾರ ಹಲ್ಲನ್ನೂ ಉದುರಿಸಲಿಲ್ಲ.

ನಿಮ್ಮ ಪತ್ರವನ್ನು ಅಮ್ಮನಿಗೆ ಓದಿ ಹೇಳಿದೆ. ಬಟ್ಟೆ ಮಡಿಸುತ್ತಿದ್ದವಳು ಅಲ್ಲಿಗೇ ನಿಲ್ಲಿಸಿ, "ಆಹಾ, ಹಾಡಿಗೆ ಸಿಟ್ಟು ಬಂತಂತಾ ಪಾಪ! ಹಂಗಾದ್ರೆ ನಮ್ಮ ಚರ್ಚಲ್ಲಿ ಆ ಸಿಸ್ಟರ್ ಯೂಲಾ ಹಾಡೋದು ಕೇಳ್ಸಿದ್ರೆ ಊರಿಗೇ ಬೆಂಕಿ ಇಡ್ತಿದ್ನೇನೋ" ಎಂದಳು. ಆಮೇಲೆ ನಗಲಿಲ್ಲ.

ನಿಮಗೆ ನನ್ನದೊಂದು ಪ್ರಶ್ನೆ. ಆ ಜೈಲಿನಲ್ಲಿ ಡೆಮೆಟ್ರಿಕ್‌ನ ಪಕ್ಕದ ಮಂಚದಲ್ಲಿ ಒಬ್ಬ ಹುಡುಗ ಮಲಗುತ್ತಿದ್ದನಲ್ಲ, ಅವನಿಗೂ ಹದಿನೇಳು. ಅವನಿಗೆ ಓಡಲು ಬಾರದು, ಕೆಡಹಲು ಬಾರದು, ಮೈಯಲ್ಲಿ ಕಸುವಿಲ್ಲ. ಅವನಿಗೆ ಕಾಗದ ಬರೆದಿರಾ? ಅವನ ಅಜ್ಜಿಯ ಮನೆಯಲ್ಲಿ ಊಟ ಮಾಡಿದಿರಾ? ಇಷ್ಟು ವರ್ಷಗಳಲ್ಲಿ ಆಟ ಬಾರದ ಎಷ್ಟು ಹುಡುಗರಿಗೆ ಈ ಎರಡನೆಯ ಅವಕಾಶ ಕೊಟ್ಟಿದ್ದೀರಿ?

ಉತ್ತರ ಬರೆಯುವಾಗ ಬೈಬಲ್ಲನ್ನು ದೂರ ಇಡಿ. ಬರಿಯ ಉತ್ತರ ಸಾಕು.

ಡೆಲ್ಫೀನ್ ಪೆಟ್ವೇ


ಲೆವೆಟ್ ಫೆರಿ
ಮಾರ್ಚ್ 10, 2014

ಪ್ರಿಯ ಮಿಸ್ ಪೆಟ್ವೇ,

ಹೇಳದೆ ನಿಮ್ಮ ಮನೆಗೆ ಬಂದದ್ದು ತಪ್ಪು. ಎದುರು ಕೂತು ಮಾತಾಡಿದರೆ ಎಲ್ಲವೂ ಬಗೆಹರಿಯುತ್ತದೆ ಎನ್ನುವುದು ನನ್ನ ಹಳೆಯ ಚಾಳಿ. ನೂರಾರು ಮನೆಗಳ ವರಾಂಡದಲ್ಲಿ ಕೂತಿದ್ದೇನೆ. ತಣ್ಣನೆಯ ಸಿಹಿ ಟೀ ಕೊಡದ ಮನೆಯನ್ನು ಮೊದಲ ಸಲ ನೋಡಿದೆ. ನಿಮ್ಮ ತಾಯಿ ಬಾಗಿಲಲ್ಲೇ ನಿಂತು, "ಕೋಚ್, ನನ್ ಮಗಳು ಕೆಲ್ಸಕ್ಕೆ ಹೋಗಿದಾಳೆ. ನೀವ್ ಬಂದ ದಾರಿ ಹಿಂಗಿದೆ" ಎಂದು ರಸ್ತೆ ತೋರಿಸಿದರು. ನಮ್ಮ ಕಡೆ ಬದ್ಧ ಶತ್ರುವಿಗೂ ಟೀ ಕೊಡುತ್ತೇವೆ. ನನಗೆ ಅರ್ಥವಾಯಿತು.

ದಾರಿಯುದ್ದಕ್ಕೂ ನಿಮ್ಮ ಪ್ರಶ್ನೆಯೇ ತಲೆಯಲ್ಲಿತ್ತು. ಉತ್ತರ: ಯಾರಿಗೂ ಇಲ್ಲ. ಒಬ್ಬನಿಗೂ ಬರೆದಿಲ್ಲ.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ನಾನು ಕೇಳಿದ ಎರಡು ಸಾಲು ನೆಮ್ಮದಿಗಾಗಿ ಅಲ್ಲ. ಕಾಲೇಜಿನ ಆಡಳಿತ ಮಂಡಳಿಯವರು, ಆ ಹುಡುಗಿಯ ಒಪ್ಪಿಗೆ ಇದ್ದರೆ ಮಾತ್ರ ಡೆಮೆಟ್ರಿಕ್‌ಗೆ ಜಾಗ ಎಂದಿದ್ದಾರೆ. ನೀವು ಬರೆದರೆ ಅವನು ಬರುತ್ತಾನೆ, ಬರೆಯದಿದ್ದರೆ ಇಲ್ಲ. ಬೇರೆ ಯಾವ ಕಾಲೇಜೂ ಅವನನ್ನು ಮುಟ್ಟುತ್ತಿಲ್ಲ. ಮಂಡಳಿಗೆ ‘ಎಸೆದ’ ಎಂದು ಹೇಳಿದವನೂ ನಾನೇ. ಅವನ ಬಾಯಿಂದ ಆ ಮಾತು ಬಂದದ್ದಲ್ಲ. ಹಾಗೆಂದರೆ ಕೇಳುವವರಿಗೆ ಸ್ವಲ್ಪ ಹಗುರ ಎಂದು ನಾನೇ ಅಂದುಕೊಂಡೆ.

ಈಗ ಅವನ ಬದುಕು ನಿಮ್ಮ ಕೈಯಲ್ಲಿದೆ.

ಆರ್ಲೆನ್ ಗೇಟ್‌ವುಡ್


ಟಲ್ಲಾ ಕ್ರೀಕ್
ಮಾರ್ಚ್ 16, 2014

ಕೋಚ್,

ಅವನ ಬದುಕು ನನ್ನ ಕೈಯಲ್ಲಿಲ್ಲ. ಇರುವುದೂ ಬೇಡ. ನಿಮ್ಮ ಮಂಡಳಿಯ ದೊಡ್ಡವರಿಗೆ ಅವನೂ ಬೇಕು, ಕೆಟ್ಟ ಹೆಸರೂ ಬೇಡ. ನಾಳೆ ಅವನು ಚೆನ್ನಾಗಿ ಆಡಿದರೆ ಅವರ ದೊಡ್ಡಸ್ತಿಕೆ. ಇನ್ನೊಬ್ಬಳ ಹಲ್ಲು ಉದುರಿಸಿದರೆ, "ಪೆಟ್ವೇ ಹುಡುಗಿ ಒಪ್ಪಿದ್ಲಲ್ಲ!" ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ನಡುವೆ ನನ್ನ ಕೈಯನ್ನು ಹಾವು ಕಚ್ಚಬೇಕು.

ಬೇಡ ಎಂದು ಬರೆದರೆ ಇನ್ನೂ ಚೆಂದ. ಆಗ ಅವನ ಅಜ್ಜಿಯ ಪಾಲಿಗೆ ನಾನೇ ರಾಕ್ಷಸಿ.

ಆದ್ದರಿಂದ ನಾನು ಹೂಂ ಅನ್ನುವುದಿಲ್ಲ, ಊಹೂಂ ಅನ್ನುವುದೂ ಇಲ್ಲ. ಅವನು ಜೈಲಿನಲ್ಲೇ ಕೊಳೆಯಲಿ ಎಂದು ನಾನು ಯಾವತ್ತೂ ಕೇಳಿಕೊಂಡಿಲ್ಲ. ಅವನು ಓದಲಿ. ನಿಮಗೆ ಅವನು ಬೇಕೇ? ಹಾಗಾದರೆ ನಿಮ್ಮ ಹೆಸರಿನ ಮೇಲೆ ಕರೆದುಕೊಳ್ಳಿ. ಮಂಡಳಿಯ ಮುಂದೆ ಹೋಗಿ, ನಾನು ಸುಳ್ಳು ಹೇಳಿದೆ, ಅವನು ಬೀಸಿದ, ನೋಡಿ ಬೀಸಿದ, ಆದರೂ ನನಗೆ ಅವನು ಬೇಕು ಎನ್ನಿ. ಅವನ ಬಾಯಿಂದಲೂ ಹೇಳಿಸಿ. ಅದನ್ನು ಕೇಳಿದ ಮೇಲೂ ಅವರು ಒಪ್ಪಿಗೆಗೆ ಕೈ ಎತ್ತಿದರೆ, ಆ ಕೈ ಅವರದು.

ಅಷ್ಟು ಧೈರ್ಯ ಇಲ್ಲದವರು ನನ್ನ ಹತ್ತಿರ ಕ್ಷಮೆ ಎರವಲು ಕೇಳಬೇಡಿ.

ಡೆಲ್ಫೀನ್ ಪೆಟ್ವೇ

ಟೀ ಬಗ್ಗೆ ಅಮ್ಮ ಹೇಳಿದ್ದು: "ಮಾಡಿಟ್ಟಿದ್ದೆ. ಫ್ರಿಜ್ಜಲ್ಲೇ ಇತ್ತು. ಬೇಕಂತಾನೇ ಕೊಡ್ಲಿಲ್ಲ."


ಲೆವೆಟ್ ಫೆರಿ
ಮೇ 5, 2014

ಪ್ರಿಯ ಮಿಸ್ ಪೆಟ್ವೇ,

ಇಷ್ಟು ದಿನ ಬರೆಯದಿದ್ದುದು ಸಿಟ್ಟಿನಿಂದಲ್ಲ. ಧೈರ್ಯ ಒಟ್ಟು ಮಾಡಿಕೊಳ್ಳುತ್ತಿದ್ದೆ.

ಶುಕ್ರವಾರ ಮಂಡಳಿ ಸೇರಿತು. ನಾನು ಎದ್ದು, ಜನವರಿಯಲ್ಲಿ ಮಂಡಳಿಗೆ ಹೇಳಿದ್ದು ನಿಜವಲ್ಲ ಎಂದೆ. ಡೆಮೆಟ್ರಿಕ್ ಅವನ ತಾತನ ಕೋಟು ಹಾಕಿಕೊಂಡು ಬಂದಿದ್ದ, ತೋಳು ಮೊಣಕೈವರೆಗೇ ಬರುತ್ತಿತ್ತು. ಅಧ್ಯಕ್ಷರು ಪ್ರೀತಿಯಿಂದಲೇ, "ಏನಪ್ಪಾ, ಸಿಟ್ಟಲ್ಲಿ ಎಸ್ದೆ, ಅದು ಹೋಗಿ ತಾಗ್ತು, ಅಲ್ವಾ?" ಎಂದು ದಾರಿ ಮಾಡಿಕೊಟ್ಟರು. ಅವನು ಆ ದಾರಿ ಹಿಡಿಯಲಿಲ್ಲ.

"ಎಸೀಲಿಲ್ಲ ಸರ್. ಬೀಸ್ದೆ. ಅವ್ಳ ಮುಖ ನೋಡ್ಕಂಡೇ ಬೀಸ್ದೆ. ಅವ್ಳು ಊದೋದು ನಿಲ್ಲಿಸ್ಬೇಕಿತ್ತು ನಂಗೆ, ಅಷ್ಟೇ ತಲೇಲಿದ್ದಿದ್ದು."

ಯಾರೋ ಕೆಮ್ಮಿದರು. ಒಬ್ಬ ಹೆಂಗಸು ಎದ್ದು ಹೊರಗೆ ಹೋದರು. ಕೊನೆಗೆ ಒಂದೇ ಮತದ ಅಂತರದಲ್ಲಿ ಒಪ್ಪಿದರು. ಅವನು ಇನ್ನೊಮ್ಮೆ ಯಾರ ಮೇಲಾದರೂ ಕೈ ಎತ್ತಿದರೆ ಅವನ ಜೊತೆ ನಾನೂ ಮನೆಗೆ. ನಾನಾಗಿಯೇ ಕೇಳಿ ಹಾಕಿಸಿಕೊಂಡ ಷರತ್ತು ಅದು. ನನ್ನ ಹೆಂಡತಿ ಎರಡು ದಿನ ಮಾತಾಡಲಿಲ್ಲ.

ನಿಮ್ಮ ಹೆಸರನ್ನು ಯಾರೂ ಎತ್ತದಂತೆ ನೋಡಿಕೊಂಡೆ. ಇಷ್ಟಕ್ಕೆ ನಿಮ್ಮಿಂದ ಒಂದು ಸಾಲಾದರೂ ಬರುತ್ತದೆ ಎಂಬ ಆಸೆ.

ಆರ್ಲೆನ್ ಗೇಟ್‌ವುಡ್


ಲೆವೆಟ್ ಫೆರಿ
ಆಗಸ್ಟ್ 18, 2014

ಪ್ರಿಯ ಮಿಸ್ ಪೆಟ್ವೇ,

ಮೂರು ತಿಂಗಳು ನಿಮ್ಮ ಸುದ್ದಿಯಿಲ್ಲ. ಮನೆಯಲ್ಲಿ ಕೂತು ಕೊರಗುತ್ತಿದ್ದೀರಿ, ನಾನು ಮತ್ತೆ ಬರೆದು ಗಾಯ ಕೆರೆಯಬಾರದು ಎಂದು ಸುಮ್ಮನಿದ್ದೆ. ನನ್ನಂಥ ಪೆದ್ದ ಇನ್ನೊಬ್ಬನಿಲ್ಲ.

ನಿನ್ನೆ ಬೇಲಿಯಾಚೆ ಟಾಲಿವರ್ ಬ್ಯಾಂಡನ್ನು ಬಿಸಿಲಲ್ಲಿ ಕುಣಿಸುತ್ತಿದ್ದ. ಎಂದಿನಂತೆ ಬೈದುಕೊಳ್ಳುತ್ತಿದ್ದೆ. ದೊಡ್ಡ ಡ್ರಮ್ಮುಗಳ ಸಾಲಿನಲ್ಲಿ ಆರು ಜನ ಎತ್ತರದ ಹುಡುಗರ ಮಧ್ಯೆ ಒಂದು ಪುಟ್ಟ ಹುಡುಗಿ. ಎದೆಗೆ ಕಟ್ಟಿದ ಡ್ರಮ್ಮಿನ ಹಿಂದೆ ಬರಿಯ ಹಣೆ ಕಾಣುತ್ತಿತ್ತು. ಯಾರೋ ‘ಪೆಟ್ವೇ’ ಎಂದು ಕರೆದರು. ನನ್ನ ಕೈಯಿಂದ ಸೀಟಿ ಬಿತ್ತು.

ನನಗೊಂದು ಯೋಚನೆ ಬಂದಿದೆ. ಸೆಪ್ಟೆಂಬರ್ ಆರಕ್ಕೆ ನಮ್ಮ ಮೈದಾನದಲ್ಲಿ ಮೊದಲ ಆಟ. ಟಾಸ್ ಹಾಕುವಾಗ ಊರಿನ ಗೌರವಾನ್ವಿತರೊಬ್ಬರನ್ನು ಆ ದಿನದ ನಾಯಕರೆಂದು ಮೈದಾನದ ನಡುವಿಗೆ ಕರೆಯುವ ರೂಢಿ ನಿಮಗೆ ಗೊತ್ತು. ನೀವು ಬನ್ನಿ. ನಿಮ್ಮ ಒಂದು ಪಕ್ಕ ನಾನು, ಇನ್ನೊಂದು ಪಕ್ಕ ಡೆಮೆಟ್ರಿಕ್. ಅವನು ಅಲ್ಲಿ ಎಲ್ಲರೆದುರು ನಿಮ್ಮ ಕ್ಷಮೆ ಕೇಳುತ್ತಾನೆ, ನೀವು ಕೈ ಕುಲುಕಿದರೆ ಸಾಕು. ಹತ್ತು ಸಾವಿರ ಜನ ಎದ್ದು ನಿಲ್ಲುತ್ತಾರೆ. ಈ ಊರು ಅದನ್ನು ಎಂದೂ ಮರೆಯುವುದಿಲ್ಲ.

ಆರ್ಲೆನ್ ಗೇಟ್‌ವುಡ್


ಹಾಲೋವೆಲ್ ಕಾಲೇಜು, ಹುಡುಗಿಯರ ಹಾಸ್ಟೆಲ್
ಆಗಸ್ಟ್ 21, 2014

ಕೋಚ್,

ಇಲ್ಲ.

ಕಾರಣವನ್ನೂ ಬರೆಯುತ್ತೇನೆ, ಇಲ್ಲದಿದ್ದರೆ ನೀವು ಇನ್ನೊಂದು ಯೋಚನೆ ಮಾಡಿಕೊಂಡು ಬರುತ್ತೀರಿ. ಹತ್ತು ಸಾವಿರ ಜನ ಎದ್ದು ನಿಂತಾಗ ನಾನು ಕೈ ಹಿಂದಕ್ಕೆ ಎಳೆದುಕೊಂಡರೆ ಏನಾಗುತ್ತದೆ? ಎಳೆದುಕೊಳ್ಳಲಾಗದ ಜಾಗದಲ್ಲಿ ನಿಲ್ಲಿಸಿ ಕೇಳುವುದಕ್ಕೆ ಕೇಳುವುದು ಎನ್ನುವುದಿಲ್ಲ. ಆ ಹತ್ತು ಸಾವಿರದಲ್ಲಿ ಒಬ್ಬರ ಹಲ್ಲೂ ಉದುರಿಲ್ಲ. ಅವರಿಗೇನು, ಬಂದರು, ಅತ್ತರು, ಚಪ್ಪಾಳೆ ತಟ್ಟಿದರು, ಮನೆಗೆ ಹೋದರು.

ಮೇ ತಿಂಗಳಲ್ಲಿ ನೀವು ಮಾಡಿದ್ದು ದೊಡ್ಡ ಕೆಲಸ. ಅದನ್ನು ಓದಿದ ದಿನ ನಾನು ಅತ್ತೆ. ಅವನ ಆ ಮಾತಿಗೆ ಅತ್ತೆ. ಎರಡು ವರ್ಷ ಊರವರೆಲ್ಲ ‘ಪಾಪ, ಎಸೆದದ್ದು ತಾಗಿಬಿಟ್ಟಿತು’ ಎನ್ನುವಾಗ, ನಡೆದದ್ದನ್ನು ನಡೆದ ಹಾಗೆ ಹೇಳಿದವನು ಅವನೊಬ್ಬನೇ. ಉತ್ತರ ಬರೆಯಲಿಲ್ಲ. ಬರೆದರೆ ಅದನ್ನೇ ನೀವು ಕ್ಷಮೆ ಎಂದು ಓದಿಕೊಳ್ಳುತ್ತೀರಿ ಎಂಬ ಭಯವಿತ್ತು. ಭಯ ಸುಳ್ಳಾಗಲಿಲ್ಲ ನೋಡಿ.

ನಾನು ಮನೆಯಲ್ಲಿ ಕೂತು ಕೊರಗುತ್ತಿರಲಿಲ್ಲ. ಹಗಲು ಕಡಲೆಕಾಯಿ ಮಿಲ್ಲಿನಲ್ಲಿ ಕೆಲಸ, ಸಂಜೆ ಚರ್ಚಿನ ಹಿಂದೆ ಹಳೆಯ ಡ್ರಮ್ಮು. ಒಂದೂವರೆ ವರ್ಷ. ಜೂನ್‌ನಲ್ಲಿ ಪರೀಕ್ಷೆಗೆ ಬಂದಾಗ ಮಿಸ್ಟರ್ ಟಾಲಿವರ್ ಕನ್ನಡಕ ಕೆಳಗಿಳಿಸಿ, "ಪೆಟ್ವೇ, ಆ ಡ್ರಮ್ಮು ನಿನಗಿಂತ ದಪ್ಪ ಇದೆಯಲ್ಲಮ್ಮ" ಎಂದರು. "ಹೌದು ಸರ್, ಆದ್ರೆ ಅದಕ್ಕೆ ಹಲ್ಲು ಬೇಕಾಗಿಲ್ಲ" ಎಂದೆ. ಬಾರಿಸಿ ತೋರಿಸಿದೆ. ನನ್ನ ಜಾಗವನ್ನು ನಾನೇ ವಾಪಸು ತೆಗೆದುಕೊಂಡಿದ್ದೇನೆ. ಅದನ್ನು ಬಿಟ್ಟು ನಿಮ್ಮ ಪಕ್ಕದಲ್ಲಿ ಬೊಂಬೆಯಾಗಿ ನಿಲ್ಲಲು ಬರುವುದಿಲ್ಲ.

ನನ್ನನ್ನು ನೋಡಬೇಕೆಂದರೆ ಹಾಫ್‌ಟೈಮಿನಲ್ಲಿ ಬ್ಯಾಂಡು ಮೈದಾನಕ್ಕೆ ಇಳಿದಾಗ ನೋಡಿ. ನಮ್ಮ ಜನ ನಿಮ್ಮ ಆಟದ ನಡುವೆ ಎದ್ದು ಹೋಗಿ ತಿಂಡಿ ತರುತ್ತಾರೆ, ಹಾಫ್‌ಟೈಮಿಗೆ ಒಬ್ಬರೂ ಏಳುವುದಿಲ್ಲ. ಆದರೆ ನೀವು ಎಲ್ಲಿ ನೋಡುತ್ತೀರಿ! ಆ ಹೊತ್ತಿಗೆ ಹುಡುಗರನ್ನೆಲ್ಲ ಒಳಗೆ ಕೂಡಿಹಾಕಿಕೊಂಡು ಬೈಯುತ್ತಿರುತ್ತೀರಿ. ಇಷ್ಟು ವರ್ಷ ಈ ಕಾಲೇಜಿನಲ್ಲಿದ್ದೀರಿ, ನಿಮ್ಮ ಬ್ಯಾಂಡನ್ನು ಒಮ್ಮೆಯಾದರೂ ಪೂರ್ತಿ ನೋಡಿದ್ದೀರಾ?

ಡೆಲ್ಫೀನ್ ಪೆಟ್ವೇ
ದೊಡ್ಡ ಡ್ರಮ್ಮು, ನಾಲ್ಕನೆಯ ಜಾಗ


ಲೆವೆಟ್ ಫೆರಿ
ಸೆಪ್ಟೆಂಬರ್ 7, 2014

ಪ್ರಿಯ ಮಿಸ್ ಪೆಟ್ವೇ,

ಸೋತೆವು, ಅದು ನಿಮಗೆ ಗೊತ್ತೇ ಇದೆ. ಗೊತ್ತಿಲ್ಲದ್ದನ್ನು ಹೇಳುತ್ತೇನೆ.

ನಿಮ್ಮ ಕಾಗದವನ್ನು ಡೆಮೆಟ್ರಿಕ್‌ಗೆ ಓದಿಸಿದ್ದೆ. ನಿನ್ನೆ ಹಾಫ್‌ಟೈಮಿಗೆ ಎಲ್ಲರೂ ಒಳಗೆ ಓಡಿದಾಗ ಅವನು ಬಾಗಿಲಲ್ಲಿ ನಿಂತುಬಿಟ್ಟ. "ಕೋಚ್, ನಾನು ಹೊರಗೇ ಇರ್ತೀನಿ. ಆಮೇಲೆ ಮೈದಾನದ ಸುತ್ತ ಎಷ್ಟ್ ಬೇಕಾದ್ರೂ ಓಡ್ಸಿ." ನನ್ನ ತಂಡದಲ್ಲಿ ಅಂಥ ಮಾತಿಗೆ ಬೆಂಚೇ ಗತಿ. ಸಹಾಯಕ ಕೋಚ್‌ಗೆ ಒಳಗಿನ ಬೈಗುಳವನ್ನು ವಹಿಸಿ, ನಾನೂ ಅವನೂ ಬೇಲಿಯ ಹತ್ತಿರ ನಿಂತೆವು. ಟಾಲಿವರ್ ನನ್ನನ್ನು ಕಂಡು ಒಂದು ಹೆಜ್ಜೆ ತಪ್ಪಿದ. ಪೂರ್ತಿ ನೋಡಿದೆ. ಇಷ್ಟು ವರ್ಷ ಕಳೆದುಕೊಂಡದ್ದೇನೆಂದು ಈಗ ತಿಳಿಯಿತು.

ನಡುವೆ ನಿಮ್ಮ ಬ್ಯಾಂಡಿನ ಒಬ್ಬ ಹುಡುಗಿ ತಾನೊಬ್ಬಳೇ ಮುಂದೆ ಬಂದು ಟ್ರಂಪೆಟ್ ಊದಿದಳಲ್ಲ, ಆಗ ಡೆಮೆಟ್ರಿಕ್ ತಲೆ ತಗ್ಗಿಸಿದ. ಅವಳು ಮುಗಿಸುವವರೆಗೂ ಎತ್ತಲಿಲ್ಲ. ನನ್ನ ಕಣ್ಣು ತುಂಬಿತು. ಅದಕ್ಕಿಂತ ದೊಡ್ಡ ಪಶ್ಚಾತ್ತಾಪವನ್ನು ನಾನು ಚರ್ಚಿನಲ್ಲೂ ಕಂಡಿಲ್ಲ.

ಆಟ ಮುಗಿದಾಗ ಗೆದ್ದವರ ಬ್ಯಾಂಡು ನಮ್ಮ ಮುಖಕ್ಕೇ ಹೆಣದ ಹಾಡು ಶುರುಮಾಡಿತು. ಹೆಲ್ಮೆಟ್ ಅವನ ಕೈಯಲ್ಲಿತ್ತು, ಕಂಬಿಯ ಮೇಲೆ ಬೆರಳು ಬಿಗಿದದ್ದು ಕಂಡಿತು. ನನ್ನ ಕೆಲಸ ಹೋಯಿತು ಎಂದುಕೊಂಡೆ, ಸತ್ಯವಾಗಿ. ಅವನು ನೇರ ನನ್ನ ಹತ್ತಿರ ಬಂದು, "ಇದನ್ನ ಹಿಡ್ಕಳಿ ಕೋಚ್" ಎಂದು ಹೆಲ್ಮೆಟ್ ನನ್ನ ಕೈಗೆ ಕೊಟ್ಟು, ಬರಿಗೈಯಲ್ಲಿ ಆ ಹಾಡಿನ ಮುಂದೆಯೇ ನಡೆದು ಹೋದ.

ಇನ್ನಾದರೂ ಮನಸ್ಸು ಕರಗಿತೇ?

ಆರ್ಲೆನ್ ಗೇಟ್‌ವುಡ್


ಹುಡುಗಿಯರ ಹಾಸ್ಟೆಲ್
ಸೆಪ್ಟೆಂಬರ್ 9, 2014

ಕೋಚ್,

ಹೆಲ್ಮೆಟ್ ಕೊಟ್ಟದ್ದನ್ನು ನಾನೂ ನೋಡಿದೆ. ನಮ್ಮ ಸಾಲಿನಲ್ಲಿ ನಿಂತು ಉಸಿರು ಬಿಗಿಹಿಡಿದವರಲ್ಲಿ ನಾನೂ ಒಬ್ಬಳು. ಅಮ್ಮನಿಗೆ ಫೋನಿನಲ್ಲಿ ಹೇಳಿದೆ. "ಆ ಕೋಚ್ ಇನ್ನೊಂದ್ ಸಲ ಈ ಕಡೆ ಬಂದ್ರೆ ಟೀ ಕೊಡ್ತೀನಿ. ಸಕ್ರೆ ಮಾತ್ರ ಹಾಕಲ್ಲ" ಎಂದಳು. ನಮ್ಮಮ್ಮನ ಲೆಕ್ಕದಲ್ಲಿ ಅದು ಬಹಳ ದೊಡ್ಡದು.

ಮನಸ್ಸು ಕರಗಿಲ್ಲ. ಕರಗಿತು ಎಂದು ಊರಲ್ಲಿ ಸಾರಬೇಡಿ. ಒಂದು ದಿನ ಕರಗಿದರೆ ನಾನೇ ಅವನಿಗೆ ಹೇಳುತ್ತೇನೆ, ನಡುವೆ ನಿಮ್ಮ ಅಂಚೆ ಬೇಕಾಗುವುದಿಲ್ಲ.

ಆದರೆ ಮುಂದಿನ ಶನಿವಾರವೂ ಅವನನ್ನು ಆ ಬೇಲಿಯ ಹತ್ತಿರ ನಿಲ್ಲಿಸಿ. ಅವನಿಗೆ ಒಂದು ಮಾತು ಹೇಳಿ. ಟ್ರಂಪೆಟ್ ಬಂದಾಗ ಅವನು ತಲೆ ತಗ್ಗಿಸಿದ್ದನ್ನು ನೀವು ಪಶ್ಚಾತ್ತಾಪ ಎಂದಿರಿ. ಅದು ನನ್ನ ಜಾಗ, ಕೋಚ್. ನಾನು ಊದಬೇಕಾದ ಹಾಡು ಅದು. ಡ್ರಮ್ಮಿನ ಹಿಂದೆ ನಿಂತು, ಕಣ್ಣು ಮುಚ್ಚದೆ, ಬೇರೊಬ್ಬಳು ಊದುವುದನ್ನು ನಾನು ಕೊನೆಯವರೆಗೂ ನೋಡಿದೆ. ಅವನಿಗೆ ಮಾತ್ರ ತಲೆ ತಗ್ಗಿಸುವ ಸುಖ ಯಾಕೆ?

ಅವತ್ತು ನನ್ನ ಮುಖ ನೋಡಿ ಬೀಸಿದನಲ್ಲ. ಹಾಗೆಯೇ ತಲೆ ಎತ್ತಿ ನೋಡಲಿ.

ಡೆಲ್ಫೀನ್